ದೂರದಿಂದ ಶ್ರುತಿ ಸೇರಿಸುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನು ಅಟ್ಟದ ಮೇಲಣ ಕಾಯಿಯನ್ನು ಅಲುಗಿಸಿ, ಗಿಟುಕು ಕರಟಕ್ಕೆ ತಾಗುವ ಸದ್ದಿನಿಂದ ಕೊಬ್ಬರಿಯ ಪಕ್ವತೆಯನ್ನು ಅರಿಯುತ್ತಾನೆ. ಶ್ರವಣೇಂದ್ರಿಯದ ಪ್ರಯೋಜನವನ್ನು ಈ ನಾಡಿನವರಿಗೆ ವಿವರಿಸಬೇಕಾದುದಿಲ್ಲ. ಹುಟ್ಟುಕಿವುಡಾದ ಕೂಸಿಗೆ ಶಬ್ದಜ್ಞಾನವನ್ನು ಒದಗಿಸುವ ವಿದ್ಯೆಯ ಚರಿತ್ರೆಯಾದರೋ ತೀರ ಈಚಿನದು.

ಕರ್ಣಶಷ್ಕುಲಿಯಿಂದ ಆವೃತವಾದ ಆಕಾಶವೇ ಶ್ರೋತ್ರವೆಂಬುದು ನೈಯಾಯಿಕರ ಮತ. ಆ ಶಷ್ಕುಲಿಯೇ ನಮ್ಮ ಮನೆಗಳ ಚಕ್ಕುಲಿ. ಒಳಗಿವಿಯಲ್ಲಿಯೂ ಸುಮಾರು ಎರಡೂವರೆ ಸುತ್ತಿನ ಸುರುಳಿಯೊಂದುಂಟು. ಅದಕ್ಕೆ ಕಾಕ್ಲಿಯ ಎಂದು ಹೆಸರು. ಅದರೊಳಗಿನ ರೋಮಕೋಶಗಳು ನಷ್ಟವಾದರೂ ನರವು ಉಳಿದಿರಬಹುದು. ಅಂತಹ ನರವನ್ನು ವಿದ್ಯುತ್ತಿನಿಂದ ಎಚ್ಚರಿಸಬಹುದೆಂದು 1957ರಲ್ಲಿ ಪ್ಯಾರಿಸಿನ ಜೂರ್ನೋ ಮತ್ತು ಏರಿಯೆಸ್ ತೋರಿಸಿದರು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್, 1978ರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಆ ಮಾರ್ಗವನ್ನು ಮುಂದುವರಿಸಿದರು.

ಶಸ್ತ್ರಚಿಕಿತ್ಸೆಯೊಂದರಿಂದಲೇ ಕಾರ್ಯಸಿದ್ಧಿಯಾಗದು. ಸುರುಳಿಯೊಳಗಿನ ಒಂದೊಂದು ತಂತುವಿಗೂ ಎಷ್ಟು ವಿದ್ಯುತ್ತಿನಿಂದ ಸದ್ದು ಕೇಳಲಾರಂಭಿಸುವುದು, ಎಷ್ಟಕ್ಕೆ ಹಿತವಾಗಿರುವುದು ಎಂಬುದನ್ನು ಪರೀಕ್ಷಿಸಿ ಯಂತ್ರದಲ್ಲಿ ನಿಗದಿಪಡಿಸಬೇಕು. ವೀಣೆಗೆ ಶ್ರುತಿ ಸೇರಿಸುವಂತೆ ಇದನ್ನು, ವಿಶೇಷವಾಗಿ ಮೊದಲ ವರ್ಷದಲ್ಲಿ, ಮತ್ತೆಮತ್ತೆ ಮಾಡಬೇಕು. ಜೊತೆಗೆ ಮಾತಿನ ಶಿಕ್ಷಣವೂ ನಡೆಯಬೇಕು.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಗೆ ಕನ್ನಡನಾಡಿನ ಮುಖ್ಯ ನೆಲೆ. 2014ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರವು ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಈ ಸಾಧನಕ್ಕೆ ನೆರವು ನೀಡತೊಡಗಿತು. ಬಡವರ ಮನೆಗೂ ಯಂತ್ರವು ಬಂದಿತು. ಆದರೆ ತಿಪಟೂರಿನಿಂದ ಅರಸೀಕೆರೆ, ಹಾಸನಗಳ ಮೇಲೆ ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿಯನ್ನಾದರೂ ಬಿಡಬೇಕು. ಹೀಗೆ ಪ್ರಯಾಣವು ತಪ್ಪಿದರೆ ಶ್ರುತಿಯೂ ತಪ್ಪುವುದು. ಯಂತ್ರವು ಕ್ರಮೇಣ ಪೆಟ್ಟಿಗೆಯನ್ನು ಸೇರುವುದು.

2017ರ ನವೆಂಬರ್ 17ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ದೂರದಿಂದಲೇ ಈ ಶ್ರುತಿಕಾರ್ಯವನ್ನು ನಡೆಸಲು ಮೊದಲ ಅನುಮತಿಯನ್ನಿತ್ತಿತು. 12 ವರ್ಷ ತುಂಬಿ, ಆರು ತಿಂಗಳಾದರೂ ಯಂತ್ರವನ್ನು ಬಳಸಿದವರಿಗೆ ಮಾತ್ರ ಅದು ಅನ್ವಯಿಸಿತು. ಈ ನಿರ್ಬಂಧವು ಅರ್ಥಪೂರ್ಣವಾದುದು. ಎಳೆಗೂಸು ‘ಸಾಕು’ ಎನ್ನಲಾರದು. ಅದರ ಕಣ್ಣರೆಪ್ಪೆ ಮಿಸುಕಿದುದನ್ನು ಪರೀಕ್ಷಕನು ಹತ್ತಿರವಿದ್ದು ನೋಡಬೇಕು. ಗಾಯವು ಕೀವಾದರೆ ಆಸ್ಪತ್ರೆಯೇ ಗತಿ.

ಆದುದರಿಂದ ದೂರವಿದ್ಯೆಯು ಪ್ರಯಾಣವನ್ನು ಕಡಿಮೆಮಾಡಬಲ್ಲುದೇ ಹೊರತು ಪೂರ್ಣವಾಗಿ ನಿವಾರಿಸಲಾರದು. ಭಾಷೆಯು ನೆಲೆಗೊಳ್ಳುವ ಬಾಲ್ಯವಾದರೋ ಕಾಯುವುದಿಲ್ಲ. ಅಟ್ಟದ ಕಾಯಿಯು ವರ್ಷಕಾಲ ಸುಮ್ಮನಿದ್ದು ಪಕ್ವವಾದೀತು; ಕಿವಿ ಕೇಳದ ಕೂಸನ್ನು ಹಾಗೆ ಬಿಡಲಾಗದು.