ಸಾಗುವಳಿ ಚೀಟಿಯ ಕಥೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಎಷ್ಟೋ ಮನೆಗಳಲ್ಲಿ ಹಳೆಯ ಟ್ರಂಕಿನ ತಳದಲ್ಲಿ ಒಂದು ಕಾಗದ ಮಡಿಸಿಟ್ಟಿರುತ್ತದೆ. ಅಜ್ಜಿಯ ಮದುವೆ ಸೀರೆ, ಮಕ್ಕಳ ಜ್ಞಾನಸ್ನಾನದ ಪತ್ರಗಳ ಜೊತೆಗೆ ಅದಕ್ಕೂ ಅಲ್ಲಿ ಜಾಗ. ಅದೇ ಸಾಗುವಳಿ ಚೀಟಿ. ಸರ್ಕಾರ ತನ್ನ ಭೂಮಿಯಲ್ಲಿ ಒಂದು ತುಂಡನ್ನು ನಮ್ಮ ಹಿರಿಯರಿಗೆ ಕೊಟ್ಟಿತೆಂಬುದಕ್ಕೆ ಸಾಕ್ಷಿ. ಈ ಕಾಗದದ ಹಿಂದೆ ನೂರೈವತ್ತು ವರ್ಷಗಳಿಗೂ ಹೆಚ್ಚಿನ ಚರಿತ್ರೆಯಿದೆ. ಅದನ್ನು ತಿಳಿಯದಿದ್ದರೆ ಕಾಗದವೂ ಉಳಿಯದು, ನೆಲವೂ ಉಳಿಯದು.

ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲದಲ್ಲಿ, 1863ರಲ್ಲಿ, ಭೂಮಿಯ ಸರ್ವೆ ಮತ್ತು ಕಂದಾಯ ನಿಗದಿಯ ಕೆಲಸ ಆರಂಭವಾಯಿತು. ಸರಪಳಿ ಹಿಡಿದು ಅಳೆದು, ಕಲ್ಲು ನೆಟ್ಟು, ಹೊಲಹೊಲಕ್ಕೂ ಸರ್ವೆ ನಂಬರು ಕೊಟ್ಟರು. ಯಾರ ಹೆಸರಿಗೂ ಬಾರದೆ ಉಳಿದ ಬಂಜರು, ಗೋಮಾಳ, ಕಾವಲು, ಗುಂಡುತೋಪುಗಳು ಸರ್ಕಾರದ ಲೆಕ್ಕಕ್ಕೆ ಸೇರಿದವು. ಅಂಥ ನೆಲದಲ್ಲಿ ಉಳುಮೆ ಮಾಡಬೇಕೆನ್ನುವವನು ಅರ್ಜಿ ಹಾಕಬೇಕು. ಅದಕ್ಕೆ 'ದರಖಾಸ್ತು' ಎಂದು ಹೆಸರು. ಮಂಜೂರಾದರೆ ಸಾಗುವಳಿ ಚೀಟಿ ಕೈಗೆ ಬರುತ್ತಿತ್ತು.

ನೆಲವಿಲ್ಲದ ಬದುಕು ಎಂಥದೆಂಬುದನ್ನು 1876ರಿಂದ 78ರವರೆಗಿನ ಮಹಾ ಬರ ತೋರಿಸಿಕೊಟ್ಟಿತು. ಮೊದಲು ಸತ್ತವರು ಕೂಲಿಯವರು. ಆ ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಧರ್ಮಸಭೆ ಅನ್ನದ ಜೊತೆಗೆ ಬೇಸಾಯದ ನೆಲೆಯನ್ನೂ ಕಲ್ಪಿಸಿತು. ನೆಲಮಂಗಲದ ಕಡೆಯ ಸಿಲುವೆಪುರ ಹಾಗೆ ಬೆಳೆದ ಊರು. ಗಂಜಿ ಒಂದು ದಿನದ ಹಸಿವನ್ನು ನೀಗಿಸೀತು; ಒಂದು ವಂಶ ನಿಲ್ಲಬೇಕಾದರೆ ಕಾಲ ಕೆಳಗೆ ನೆಲ ಬೇಕೆಂಬ ತಿಳಿವು ಆ ಊರಿನ ಹಿಂದಿದೆ.

ಸಂಸ್ಥಾನದ ಸರ್ಕಾರಕ್ಕೂ ಇದು ಕ್ರಮೇಣ ಅರಿವಾಯಿತು. ದಲಿತ ಕುಟುಂಬಗಳಿಗೆ ಬೆಲೆ ಪಡೆಯದೆ ಇಲ್ಲವೇ ಕಡಿಮೆ ಬೆಲೆಗೆ ಜಮೀನು ಕೊಡುವ ನಿಯಮಗಳು ಬಂದವು. ಜೊತೆಗೆ ಒಂದು ಷರತ್ತೂ ಇತ್ತು: ಈ ಭೂಮಿಯನ್ನು ಪರಭಾರೆ ಮಾಡಕೂಡದು. ಸ್ವಾತಂತ್ರ್ಯಾನಂತರ ಬಂದ 1969ರ ಭೂಮಂಜೂರಾತಿ ನಿಯಮಗಳು ಕೂಡ 15 ವರ್ಷ ಮಾರುವಂತಿಲ್ಲವೆಂದು ಹೇಳಿದವು. ಕೊಟ್ಟವರಿಗೆ ಗೊತ್ತಿತ್ತು, ಬಡವನ ಕೈಯಲ್ಲಿ ಭೂಮಿ ನಿಲ್ಲುವುದು ಕಷ್ಟ. ಮಗಳ ಮದುವೆ, ಮನೆಯವರ ಕಾಯಿಲೆ, ಸಾಹುಕಾರನ ಬಡ್ಡಿ, ಇಷ್ಟೇ ಸಾಕು. ಒಂದು ಹೆಬ್ಬೆಟ್ಟಿನ ಗುರುತಿಗೆ ಎರಡು ಎಕರೆ ಹೊರಟುಹೋಗುತ್ತದೆ.

ಹೋಗಿಯೂ ಬಿಟ್ಟವು. ಆ ಕಾರಣದಿಂದಲೇ ರಾಜ್ಯವು 1978ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಜನರ ಬಾಯಲ್ಲಿ ಅದು ಪಿ.ಟಿ.ಸಿ.ಎಲ್. ಕಾಯ್ದೆ. ಷರತ್ತು ಮೀರಿ ಆದ ಕ್ರಯ, ಅದು ಕಾಯ್ದೆಗೆ ಮುಂಚಿನದಾದರೂ, ಅಸಿಂಧು. ಉಪವಿಭಾಗಾಧಿಕಾರಿ ಅಂಥ ಜಮೀನನ್ನು ಮೂಲ ಕುಟುಂಬಕ್ಕೆ ಮರಳಿಸಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ಅದೇ ನ್ಯಾಯಾಲಯ, ಸಮಂಜಸವಾದ ಅವಧಿಯೊಳಗೆ ಅರ್ಜಿ ಹಾಕಬೇಕೆಂದಿತು. ತಡವಾಗಿ ಕಣ್ಣುಬಿಟ್ಟ ಕುಟುಂಬಗಳು ಬರಿಗೈಯಲ್ಲಿ ಹಿಂದಿರುಗಿದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿಯಿಲ್ಲವೆಂದು ಸೇರಿಸಿತು.

ಚೀಟಿಯೇ ಸಿಗದವರ ಕಥೆ ಬೇರೆ. ಆದೇಶವಿಲ್ಲದೆ ಸರ್ಕಾರಿ ಜಮೀನು ಉಳುತ್ತಾ ಬಂದವರನ್ನು 'ಬಗರ್‌ಹುಕುಂ' ಸಾಗುವಳಿದಾರರೆನ್ನುತ್ತೇವೆ. ಅವರ ಸಾಗುವಳಿ ಸಕ್ರಮಗೊಳಿಸಲು 1991ರಲ್ಲಿ ನಮೂನೆ 50, ನಂತರ 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಬಂದವು. ಅಪ್ಪ ಒಂದು ನಮೂನೆ ತುಂಬಿದ, ಮಗ ಮತ್ತೊಂದು ತುಂಬಿದ. ಇನ್ನೊಂದು ತೊಡಕೂ ಇದೆ: ಬೆಂಗಳೂರು ನಗರದ ಎಲ್ಲೆಯಿಂದ 18 ಕಿಲೋಮೀಟರಿನೊಳಗಿನ ಜಮೀನನ್ನು ಹೀಗೆ ಸಕ್ರಮಗೊಳಿಸುವಂತಿಲ್ಲ. ನಗರ ಬೆಳೆದಂತೆಲ್ಲ ಆ ಗೆರೆ ನಮ್ಮ ಹಳ್ಳಿಗಳ ಕಡೆಗೆ ಸರಿಯುತ್ತಾ ಬಂತು. ಉಳುವವನು ಇದ್ದಲ್ಲೇ ಇದ್ದ. ನಗರವೇ ಅವನ ಹೊಲಕ್ಕೆ ನಡೆದು ಬಂತು.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲಂತೂ ರಾಗಿ ಹೊಲದ ಬೆಲೆಯನ್ನು ಗುಂಟೆಯಲ್ಲಲ್ಲ, ಚದರಡಿಯಲ್ಲಿ ಕೇಳುವ ಕಾಲ ಬಂತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಾಗ, ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು. ಸಣ್ಣ ಹಿಡುವಳಿಯವರೂ ಒಟ್ಟಾಗಿ ನಿಂತರೆ ಅವರ ಮಾತಿಗೆ ತೂಕವಿದೆ ಎಂಬುದನ್ನು ಅಲ್ಲಿ ಕಂಡೆವು.

ಪವಿತ್ರ ಗ್ರಂಥದ ನಾಬೋತನನ್ನು ನಾವು ಬಲ್ಲೆವು. ಅರಸನಾದ ಅಹಾಬ ಒಳ್ಳೆಯ ಬೆಲೆಯನ್ನೇ ಮುಂದಿಟ್ಟ. ಪೂರ್ವಿಕರ ಪಾಲನ್ನು ಮಾರಲೊಲ್ಲೆನೆಂದ ನಾಬೋತ ಪ್ರಾಣವನ್ನೇ ತೆತ್ತ. ಅಲ್ಲಿ ಸುಳ್ಳು ಸಾಕ್ಷಿಗಳು ಕೆಲಸ ಮಾಡಿದವು. ಇಲ್ಲಿ ಬಹುಪಾಲು ನಮ್ಮ ಅಜ್ಞಾನವೇ ಸಾಕಾಗುತ್ತದೆ. ಚೀಟಿ ಇದೆ, ಪೋಡಿ ಆಗಿಲ್ಲ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ದಲ್ಲಾಳಿಗೆ ಬೇಕಾದದ್ದೂ ಅದೇ.

ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಆ ಟ್ರಂಕನ್ನೊಮ್ಮೆ ತೆರೆಯೋಣ. ಚೀಟಿಯಲ್ಲಿರುವ ಸರ್ವೆ ನಂಬರು, ವಿಸ್ತೀರ್ಣ, ಷರತ್ತುಗಳನ್ನು ಹಿರಿಯರ ಎದುರಿನಲ್ಲಿ ಗಟ್ಟಿಯಾಗಿ ಓದೋಣ. ಓದು ಬಾರದ ನೆರೆಯವರಿಗೂ ಓದಿ ಹೇಳೋಣ. ಖಾತೆ ಬದಲಾವಣೆ, ಪೋಡಿ ಬಾಕಿಯಿದ್ದರೆ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗೋಣ. ಕೊಟ್ಟ ನೆಲವನ್ನು ಮಾರಬೇಡಿ ಎಂದು ಬರೆದವರು ನಮ್ಮ ಕೈ ಕಟ್ಟಲು ಹಾಗೆ ಬರೆಯಲಿಲ್ಲ. ಆ ಒಂದು ಸಾಲನ್ನು ಬರೆದದ್ದು ಇನ್ನೂ ಹುಟ್ಟದ ಮೊಮ್ಮಕ್ಕಳ ತಟ್ಟೆಯಲ್ಲಿ ರಾಗಿಮುದ್ದೆ ಇರಲೆಂದು.