ಗೇಲ್ ಊರಿನ ಮನೆವಾಸಿಗಳು

ಮನೆಯಲ್ಲೊಬ್ಬರಿಗೆ ಬುದ್ಧಿಭ್ರಮಣೆಯಾದರೆ ಅವರನ್ನು ಎಲ್ಲಿರಿಸಬೇಕು? ಹಿತ್ತಲ ಕೋಣೆಯಲ್ಲೋ, ದೇವಸ್ಥಾನದ ಜಗಲಿಯ ಮೇಲೋ, ಎತ್ತರದ ಗೋಡೆಯ ಆಸ್ಪತ್ರೆಯಲ್ಲೋ? ಈ ಪ್ರಶ್ನೆ ಬಾರದ ದೇಶವಿಲ್ಲ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪ್ರಾಂತದಲ್ಲಿ ಗೇಲ್ ಎಂಬ ಊರೊಂದುಂಟು. ಅಲ್ಲಿನ ಜನ ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾದುದು: ‘ನಮ್ಮ ಮನೆಯಲ್ಲಿರಲಿ’ ಎಂದರು. ರೋಗಿ ತಮ್ಮ ನೆಂಟನಲ್ಲದಿದ್ದಾಗ್ಗೂ!

ಇದರ ಮೂಲದಲ್ಲಿ ಒಂದು ಐತಿಹ್ಯವಿದೆ. ಏಳನೆಯ ಶತಮಾನದಲ್ಲಿ ಐರ್ಲೆಂಡಿನ ಅರಸನೊಬ್ಬ ಹೆಂಡತಿ ಸತ್ತ ದುಃಖದಲ್ಲಿ ಚಿತ್ತ ಕೆಟ್ಟು, ಆಕೆಯನ್ನೇ ಹೋಲುತ್ತಿದ್ದ ಸ್ವಂತ ಮಗಳನ್ನು ವರಿಸಲು ಹೊರಟನಂತೆ. ಮಗಳು ಡಿಂಫ್ನಾ ಕಡಲು ದಾಟಿ ಗೇಲ್‌ಗೆ ಓಡಿಬಂದಳು. ತಂದೆ ಬೆನ್ನಟ್ಟಿ ಬಂದು ಅವಳ ತಲೆ ಕಡಿದನು. ಈ ಕಥೆ ಬರಹಕ್ಕಿಳಿದುದು ಹದಿಮೂರನೆಯ ಶತಮಾನದಲ್ಲಿ. ಇದನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಡಿಂಫ್ನಾ ಹುಚ್ಚು ಬಿಡಿಸುವ ಸಂತಳೆಂಬ ನಂಬಿಕೆ ಬೇರೂರಿತು, 1349ರಲ್ಲಿ ಅವಳ ಹೆಸರಿನ ಚರ್ಚಿನ ಕಟ್ಟಡ ಆರಂಭವಾಯಿತು, ರೋಗಿಗಳನ್ನು ಕರೆದುಕೊಂಡು ಯಾತ್ರಿಕರು ಬರತೊಡಗಿದರು. ಒಂಬತ್ತು ದಿನಗಳ ವ್ರತ. 1480ರಲ್ಲಿ ಚರ್ಚಿಗೆ ತಾಗಿದಂತೆ ರೋಗಿಗಳ ಕೊಠಡಿಯನ್ನೂ ಕಟ್ಟಿದರು. ಮಂಡಲ ಕಾಲ ದೇವರ ಸನ್ನಿಧಿಯಲ್ಲಿ ರೋಗಿಯನ್ನು ಇರಿಸುವ ಹರಕೆ ನಮಗೇನು ಹೊಸದೆ?

ಕೊಠಡಿ ತುಂಬಿದಾಗ ಉಳಿದವರನ್ನು ಊರವರ ಮನೆಗಳಲ್ಲಿ ಇಳಿಸುತ್ತಿದ್ದರು. ವ್ರತ ಮುಗಿದರೂ ಗುಣವಾಗದವರು ಅಲ್ಲಿಯೇ ನಿಂತರು. ವಾರಾನ್ನದ ಹುಡುಗರನ್ನು ಕಂಡ ಮನೆತನಗಳಿಗೆ ಈ ಏರ್ಪಾಡಿನ ಅರ್ಧ ತಿಳಿದಂತೆಯೇ. ಆದರೆ ವಾರಾನ್ನದವನು ಓದು ಮುಗಿಸಿ ಹೊರಟುಹೋಗುವನು. ಗೇಲ್‌ನ ಮನೆವಾಸಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷ ಅದೇ ಮನೆಯಲ್ಲಿ ಕಳೆಯುವನು. ಯಜಮಾನ ತೀರಿಕೊಂಡರೆ ಮಗನ ಸಂಸಾರ ಅವನನ್ನು ನೋಡಿಕೊಳ್ಳುವುದು. ಅವನು ಒಂದೇ ಮೇಜಿನ ಮೇಲೆ ಉಣ್ಣುತ್ತಾನೆ, ಹಸುವಿಗೆ ಹುಲ್ಲು ಹಾಕುತ್ತಾನೆ, ಮಕ್ಕಳನ್ನು ಆಡಿಸುತ್ತಾನೆ. ಊರಿನಲ್ಲಿ ಅವನಿಗೆ ‘ರೋಗಿ’ ಎಂಬ ಹೆಸರಿಲ್ಲ. ಊಟವಸತಿಗೆ ಇರುವವನು ಎಂದಷ್ಟೇ ಕರೆಯುತ್ತಾರೆ. ರೋಗದ ಹೆಸರನ್ನು ಮನೆಯವರಿಗೆ ಹೇಳುವ ರೂಢಿಯೂ ಇರಲಿಲ್ಲ. ಅಮೆರಿಕದ ಸಂಶೋಧಕಿಯೊಬ್ಬರು ತಿಳಿಸಿದ ಸಂಗತಿಯಿದು: ಒಬ್ಬ ಮನೆವಾಸಿ ದಿನವೂ ಅಂಗಿಯ ಗುಂಡಿಗಳನ್ನು ತಿರುಚಿ ಕಿತ್ತುಹಾಕುತ್ತಿದ್ದನು, ಮನೆಯಾಕೆ ಪ್ರತಿರಾತ್ರಿಯೂ ಹೊಲಿದಿಡುತ್ತಿದ್ದಳು. ಮೀನಿನ ಗಾಳದ ದಾರದಿಂದ ಹೊಲಿದರೆ ಕೀಳಲಾಗದಲ್ಲ ಎಂದು ಕೇಳಿದಾಗ ಆಕೆ ಒಪ್ಪಲಿಲ್ಲ. ಅವನಿಗೆ ಗುಂಡಿ ತಿರುಚುವುದು ಬೇಕು ಎಂದಳಂತೆ.

ಇಷ್ಟು ಕೇಳಿ ಗೇಲ್ ಜನರೆಲ್ಲ ಸಂತರೆಂದು ತಿಳಿಯಬೇಡಿ. ಮನೆಗೆ ಹಣ ಬರುತ್ತಿತ್ತು, ಹೊಲಕ್ಕೆ ಕೈಯಾಳು ಸಿಗುತ್ತಿದ್ದನು. ಓಡಿಹೋಗುವವರ ಕಾಲಿಗೆ ಸರಪಳಿ ಬಿಗಿದುದೂ ಉಂಟು. 1803ರಲ್ಲಿ ಬ್ರಸೆಲ್ಸ್ ನಗರದ ಚಿತ್ತರೋಗಿಗಳನ್ನು ಇಲ್ಲಿಗೆ ಸಾಗಿಸಲಾಯಿತು. 1821ರಲ್ಲಿ ಫ್ರಾನ್ಸಿನ ಹೆಸರಾಂತ ವೈದ್ಯ ಎಸ್ಕಿರೋಲ್ ಬಂದು ನೋಡಿ ಹೋದನು. ಬೆಲ್ಜಿಯಂನವನೇ ಆದ ಗಿಸ್ಲೆಂಗೆ ಈ ಪದ್ಧತಿ ಸ್ವಲ್ಪವೂ ಸೇರಲಿಲ್ಲ. ರೋಗಿಗೆ ಬೇಕಾದುದು ವೈದ್ಯ, ರೈತನಲ್ಲ ಎಂಬ ಅವನ ಪಕ್ಷವನ್ನು ತಳ್ಳಿಹಾಕುವಂತಿಲ್ಲ. 1850ರ ಕಾನೂನಿನ ತರುವಾಯ ಸರಕಾರವು ಊರಿನ ವ್ಯವಸ್ಥೆಯನ್ನು ತನ್ನ ಮೇಲ್ವಿಚಾರಣೆಗೆ ತಂದುಕೊಂಡು ವೈದ್ಯರನ್ನು ನೇಮಿಸಿತು. 1862ರಲ್ಲಿ ಅಲ್ಲಿಯೇ ಆಸ್ಪತ್ರೆಯೂ ಆಯಿತು. ಹೊಸದಾಗಿ ಬಂದವರನ್ನು ಮೊದಲು ಅಲ್ಲಿ ಪರೀಕ್ಷಿಸಿ ಬಳಿಕವೇ ಮನೆಗೆ ಕಳುಹಿಸುವರು.

ನನ್ನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ತಿರುವು ಇದೇ. ನಂಬಿಕೆಯ ಸ್ಥಳವೊಂದು ಮೇಲ್ವಿಚಾರಣೆಯಿಲ್ಲದೆ ಉಳಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಗೂ ಚಿತ್ತರೋಗಿಗಳನ್ನು ಕರೆತರುತ್ತಿದ್ದರು. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದವರು ಓಡಲಾರದೆ ಹೋದರು. ಸತ್ತವರು 28 ಮಂದಿ.

ಗೇಲ್‌ನಲ್ಲಿ ಮನೆವಾಸಿಗಳ ಸಂಖ್ಯೆ 1938ರಲ್ಲಿ 3,700ನ್ನು ಮೀರಿತ್ತು. ಅನಂತರ ಇಳಿಯುತ್ತ ಬಂದಿತು. ಹೊಲಗದ್ದೆಗಳು ಕಡಿಮೆಯಾದುವು, ಗೃಹಿಣಿಯರು ಉದ್ಯೋಗಕ್ಕೆ ಹೊರಟರು, ಹೊಸ ಔಷಧಗಳು ಬಂದು ಅನೇಕರು ಬೇರೆ ವಸತಿಗಳಲ್ಲಿ ಬಾಳುವಂತಾಯಿತು. ಈಗ ಉಳಿದಿರುವವರು ಅಂದಿನ ಒಂದು ಸಣ್ಣ ಪಾಲು. 2023ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಪರಂಪರೆಯ ರಕ್ಷಣೆಯ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ದೊರೆಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಬಂಧುಗಳನ್ನೂ ಇರಿಸಿಕೊಂಡರು. ಗೇಲ್ ರೋಗಿಯನ್ನು ಮನೆಗೆ ತಂದರೆ ಇವರು ಮನೆಯನ್ನೇ ರೋಗಿಯ ಬಳಿಗೆ ತಂದರು! ರೋಗವೆಂದರೇನು, ಔಷಧವನ್ನು ಏಕೆ ಬಿಡಬಾರದು ಎಂಬುದನ್ನು ಬಂಧುಗಳು ಅಲ್ಲಿದ್ದೇ ಕಲಿತರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಬಂಧುಗಳು ರೋಗಿಯ ಪಕ್ಕದಲ್ಲಿಯೇ ಉಳಿಯುವ ವಾರ್ಡುಗಳಿವೆ. ತಾಯಿಯೋ ಅಣ್ಣನೋ ಜೊತೆಗಿದ್ದು, ರೋಗಿ ಗುಣಮುಖನಾದ ದಿನ ಇಬ್ಬರೂ ಕೂಡಿಯೇ ಊರಿನ ಬಸ್ಸು ಹಿಡಿಯುತ್ತಾರೆ.