ಪೊರೆ ಕಳಚೋಕೂ ಕೊಲೆಸ್ಟ್ರಾಲ್ ಬೇಕು: ಕೀಟದ ರಕ್ತದಲ್ಲಿ ಸಿಕ್ಕ ಉತ್ತರ

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂದಾಗ ನಾವು ಮೊದಲು ನೋಡೋದು ಕೊಲೆಸ್ಟ್ರಾಲ್ ಎಷ್ಟಿದೆ ಅಂತ. ಜಾಸ್ತಿ ಇದ್ರೆ ಭಯ. ಕೀಟಗಳ ಕಷ್ಟ ಇದರ ಉಲ್ಟಾ. ನಮ್ಮ ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತೆ, ಕೀಟಕ್ಕೆ ಆ ಶಕ್ತಿ ಇಲ್ಲ. ಊಟದಲ್ಲಿ ಸಿಗದಿದ್ರೆ ಬೆಳವಣಿಗೆಯೇ ನಿಂತುಹೋಗುತ್ತೆ. ಇದನ್ನು 1935ರಲ್ಲಿ ಬ್ರಿಟನ್ನಿನ ಹಾಬ್ಸನ್ ನೊಣದ ಮರಿಹುಳುಗಳಲ್ಲಿ ತೋರಿಸಿದರು. ಆದರೆ ಅದು ಯಾಕೆ ಬೇಕು, ಮೈಯೊಳಗೆ ಹೇಗೆ ಸಾಗುತ್ತೆ?

ಕಥೆ ಶುರುವಾಗೋದು ಇನ್ನೂ ಹಿಂದೆ, ಪೋಲೆಂಡಿನಲ್ಲಿ. ಸ್ಟೆಫಾನ್ ಕೊಪೆಚ್ ಜಿಪ್ಸಿ ಪತಂಗದ ಕಂಬಳಿಹುಳುಗಳ ನಡುವಿಗೆ ದಾರ ಬಿಗಿದು ನೋಡಿದರು. ಬೇಗ ಬಿಗಿದರೆ ಮುಂದಿನ ಅರ್ಧ ಮಾತ್ರ ಪ್ಯೂಪಾ ಆಯಿತು, ಹಿಂದಿನ ಅರ್ಧ ಹುಳುವಾಗಿಯೇ ಉಳಿಯಿತು. ನರ ಕತ್ತರಿಸಿದರೆ ಏನೂ ವ್ಯತ್ಯಾಸವಾಗಲಿಲ್ಲ. ಅಂದ್ರೆ ಸಂದೇಶ ಹೋಗ್ತಿರೋದು ರಕ್ತದಲ್ಲಿ, ಅದರ ಮೂಲ ಮಿದುಳು! 1917ರಲ್ಲಿ ಪ್ರಕಟವಾದ ಈ ಮಾತು ಆ ಕಾಲಕ್ಕೆ ತೀರಾ ಹೊಸದು. ಅದು ಎಷ್ಟು ಸರಿ ಅನ್ನೋದನ್ನು ಪೂರ್ತಿ ನೋಡೋಕೆ ಕೊಪೆಚ್ ಉಳಿಯಲಿಲ್ಲ. 1941ರ ಮಾರ್ಚಿನಲ್ಲಿ ನಾಜಿಗಳು ಅವರನ್ನು ವಾರ್ಸಾ ಹತ್ತಿರದ ಪಾಲ್ಮಿರಿಯಲ್ಲಿ ಗುಂಡಿಕ್ಕಿ ಕೊಂದರು.

ಅದರ ಹಿಂದಿನ ವರ್ಷವೇ ಜಪಾನಿನ ಫುಕುಡಾ ರೇಷ್ಮೆಹುಳುವಿನ ಎದೆಭಾಗದ ಒಂದು ಗ್ರಂಥಿ ಪೊರೆ ಕಳಚಿಸುತ್ತೆ ಅಂತ ತೋರಿಸಿದ್ದರು. ಮಿದುಳು ಆಜ್ಞೆ ಕೊಡುತ್ತೆ, ಈ ಗ್ರಂಥಿ ಕೆಲಸ ಮಾಡುತ್ತೆ. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕೆಜಿ ರೇಷ್ಮೆ ಪ್ಯೂಪಾಗಳಿಂದ ಆ ಹಾರ್ಮೋನಿನ ಹರಳು ತೆಗೆದರು. ಸಿಕ್ಕಿದ್ದು ಬರೀ 25 ಮಿಲಿಗ್ರಾಂ! ಹೆಸರು ಎಕ್ಡೈಸೋನ್. 1963ರಲ್ಲಿ ಕಾರ್ಲ್‌ಸನ್ ಮತ್ತು ಹಾಫ್‌ಮೈಸ್ಟರ್, ನೊಣದ ಮರಿಹುಳು ಕೊಲೆಸ್ಟ್ರಾಲನ್ನೇ ಎಕ್ಡೈಸೋನ್ ಆಗಿ ಬದಲಾಯಿಸುತ್ತೆ ಅಂತ ತೋರಿಸಿದರು. ಹಾಬ್ಸನ್ ನೋಡಿದ್ದಕ್ಕೆ ಒಂದು ದೊಡ್ಡ ಕಾರಣ ಸಿಕ್ಕಿತು. ಜೀವಕೋಶದ ಪೊರೆ ಕಟ್ಟೋಕೂ ಅದೇ ಕೊಲೆಸ್ಟ್ರಾಲ್ ಬೇಕು.

ಇನ್ನು ಸಾಗಣೆ. ಕೊಲೆಸ್ಟ್ರಾಲ್ ನೀರಲ್ಲಿ ಕರಗಲ್ಲ, ಕೀಟದ ರಕ್ತವೋ ಹೆಚ್ಚಾಗಿ ನೀರೇ. ಕರುಳಿನಿಂದ ಗ್ರಂಥಿಗೆ ಅದನ್ನು ಹೊತ್ತೊಯ್ಯೋದು ರಕ್ತದ ಲೈಪೋಪ್ರೋಟೀನ್ ಅಂತ 1971ರಲ್ಲಿ ಹರುವೊ ಚಿನೊ ಮತ್ತು ಲಾರೆನ್ಸ್ ಗಿಲ್ಬರ್ಟ್ ತಿಳಿಸಿದರು. ಈಗ ಅದಕ್ಕೆ ಲೈಪೋಫೋರಿನ್ ಅಂತಾರೆ. ನಮ್ಮ ಎಲ್‌ಡಿಎಲ್ ಕಣ ಜೀವಕೋಶದೊಳಗೆ ಹೋಗಿ ಅಲ್ಲೇ ಒಡೆದುಹೋಗುತ್ತೆ. ಲೈಪೋಫೋರಿನ್ ಬಹುಮಟ್ಟಿಗೆ ಹಾಗಲ್ಲ, ಡೆಲಿವರಿ ಹುಡುಗನ ಥರ ಸರಕು ಇಳಿಸಿ ಮುಂದಿನ ಲೋಡಿಗೆ ವಾಪಸ್ ಹೋಗುತ್ತೆ. ಕೊಪೆಚ್ ರಕ್ತದಲ್ಲಿ ಸಂದೇಶ ಹುಡುಕಿದ್ದರು. ಆ ಸಂದೇಶದ ಕಚ್ಚಾವಸ್ತುವೂ ಅದೇ ದಾರಿಯಲ್ಲಿ ಓಡಾಡ್ತಿತ್ತು.

ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡೋದಕ್ಕೆ 'ಜ್ವರ' ಅಂತಾರೆ. ನಾಲ್ಕು ಜ್ವರ ಎದ್ದ ಮೇಲೆಯೇ ಹುಳು ಹಣ್ಣಾಗಿ ಚಂದ್ರಿಕೆ ಹತ್ತೋದು. ಹಿಪ್ಪುನೇರಳೆ ಸೊಪ್ಪಿನಲ್ಲಿರೋ ಸಸ್ಯ ಸ್ಟೆರಾಲನ್ನು ಹುಳು ಕೊಲೆಸ್ಟ್ರಾಲ್ ಮಾಡಿಕೊಳ್ಳುತ್ತೆ, ಲೈಪೋಫೋರಿನ್ ಹೊರುತ್ತೆ, ಗ್ರಂಥಿ ಎಕ್ಡೈಸೋನ್ ಮಾಡುತ್ತೆ, ಜ್ವರ ಬರುತ್ತೆ. ಹುಳುಗಳೆಲ್ಲ ಒಟ್ಟಿಗೆ ಗೂಡು ಕಟ್ಟಲಿ ಅಂತ ಕೊನೆಯಲ್ಲಿ ಸೊಪ್ಪಿಗೆ ಸಿಂಪಡಿಸೋ ಸಸ್ಯಮೂಲದ ಔಷಧಿಯೂ ಎಕ್ಡೈಸೋನ್ ಜಾತಿಯದ್ದೇ. ಮುಂದಿನ ಸಲ ಊರಿಗೆ ಹೋದಾಗ ಹುಳು ಮನೆಯಲ್ಲಿ ತಲೆ ಎತ್ತಿ ಅಲುಗದೆ ಕೂತ ಹುಳು ಕಂಡರೆ, ಕೊಪೆಚ್ ಅವರನ್ನು ಒಮ್ಮೆ ನೆನೆಯಿರಿ.